‘ಸಾರ್ವಜನಿಕ ತುರ್ತುಪರಿಸ್ಥಿತಿ’: ಒಂದು ಅರ್ಥವಿಚಾರ

ಶಾಸನದ ಒಂದು ಶಬ್ದವು ಶ್ರಮಿಕನ ವಿಶ್ರಾಂತಿಯನ್ನು ನಿರ್ಣಯಿಸಬಲ್ಲುದೆಂಬುದಕ್ಕೆ ಬೆಂಗಳೂರಿನ ಪೀಣ್ಯವೇ ಮೊದಲಾದ ಕೈಗಾರಿಕಾ ಪ್ರದೇಶಗಳ ಇತ್ತೀಚಿನ ಇತಿಹಾಸವು ನಿದರ್ಶನವಾಗಿದೆ. 1948ರ ಕಾರ್ಖಾನೆಗಳ ಕಾಯಿದೆಯು ವಯಸ್ಕ ಕೆಲಸಗಾರರಿಗೆ ದಿನಕ್ಕೆ 9, ವಾರಕ್ಕೆ 48 ಗಂಟೆಗಳ ಮಿತಿಯನ್ನು ವಿಧಿಸಿ, ಸಾರ್ವಜನಿಕ ತುರ್ತುಪರಿಸ್ಥಿತಿಯಲ್ಲಿ ವಿನಾಯಿತಿ ಕೊಡಲು ತನ್ನ 5ನೆಯ ಕಲಮಿನಲ್ಲಿ ಎಡೆಗೊಟ್ಟಿತ್ತು. ಕೋವಿಡ್ ಸಾಂಕ್ರಾಮಿಕದ ಕಾಲದಲ್ಲಿ, 2020ರ ಮೇ 22ರಂದು, ಕರ್ನಾಟಕ ಸರ್ಕಾರವು ಈ ಕಲಮನ್ನೇ ಆಧರಿಸಿ ಮಿತಿಯನ್ನು ದಿನಕ್ಕೆ 10, ವಾರಕ್ಕೆ 60 ಗಂಟೆಗಳಿಗೆ ಏರಿಸಿತು. ಈ ಆಜ್ಞೆಯು ಹೈಕೋರ್ಟಿನಲ್ಲಿ ಪ್ರಶ್ನಿತವಾಗಲು, ಜೂನ್ 11ರಂದು ಅದನ್ನು ಹಿಂತೆಗೆದುಕೊಂಡಿತು.

ಅರ್ಥನಿರ್ಣಯವಾದುದಾದರೋ ಅಕ್ಟೋಬರ್ 1ರಂದು, ಗುಜರಾತಿನ ಇಂತಹುದೇ ವ್ಯಾಜ್ಯದಲ್ಲಿ. ಯುದ್ಧ, ಪರಾಕ್ರಮಣ, ಆಂತರಿಕ ಕ್ಷೋಭೆಗಳಿಂದ ದೇಶದ ಭದ್ರತೆಗೊದಗುವ ವಿಪತ್ತೇ ಆ ಶಬ್ದದ ಅರ್ಥವೆಂದು ಕಾಯಿದೆಯೇ ವಿವರಿಸಿದ್ದಿತು. ಸಾಂಕ್ರಾಮಿಕದಿಂದಾದ ಆರ್ಥಿಕ ಕುಸಿತವು ಅದರಲ್ಲಿ ಅಂತರ್ಗತವಾಗದೆಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಮಾಲೀಕರ ಸಂಕಟವು ನಿಜವಾದುದೇ ಸರಿ. ಆದರೆ ಆಪದ್ಧರ್ಮವೂ ಶಬ್ದದ ಮರ್ಯಾದೆಯನ್ನು ಮೀರಲಾಗದೆಂಬುದು ಇದರಿಂದ ಸಿದ್ಧವಾಯಿತು.