ಶಾವೊಲಿನ್ ಸಮರಕಲೆ

ಚೀನಾದ ಹೆನಾನ್ ಪ್ರಾಂತ್ಯದ ಶಾವೊಲಿನ್ ಬೌದ್ಧವಿಹಾರದಲ್ಲಿ ಬೆಳೆದ ಕಾಳಗದ ವಿದ್ಯೆ. ವಿಹಾರದ ಸ್ಥಾಪನೆ ಸುಮಾರು ಕ್ರಿ.ಶ. 495. 621ರಲ್ಲಿ ಇಲ್ಲಿನ ಭಿಕ್ಷುಗಳು ತಾಂಗ್ ರಾಜಕುಮಾರ ಲಿ ಶಿಮಿನ್‌ನ ಪರ ಕಾದಿದ್ದನ್ನು 728ರ ಶಾಸನ ದಾಖಲಿಸಿದೆ. ಅವರ ವರಸೆಗಳ ಮಾತು ಅದರಲ್ಲಿಲ್ಲ.

ವಿದ್ಯೆಯ ಮೂಲಪುರುಷ ಭಾರತದ ಬೋಧಿಧರ್ಮನೆಂಬ ಐತಿಹ್ಯ ಬಹು ಜನಪ್ರಿಯ. ಆದರೆ ಅದಕ್ಕೆ ಆಧಾರವಾದ ‘ಯಿಜಿನ್ ಜಿಂಗ್’ ಎಂಬ ವ್ಯಾಯಾಮಗ್ರಂಥ 17ನೆಯ ಶತಮಾನದ್ದು. 1930ರ ದಶಕದಲ್ಲಿ ವಿದ್ವಾಂಸ ತಾಂಗ್ ಹಾವೊ ಈ ನಂಟನ್ನು ಅಲ್ಲಗಳೆದ.

ವಿಹಾರದ್ದೇ ಆದ ಪುರಾಣ ಬೋಧಿಧರ್ಮನ ಈ ಐತಿಹ್ಯಕ್ಕಿಂತ ಹಳೆಯದು, ಸೊಗಸಾದದ್ದು ಕೂಡ. ಕೆಂಪು ರುಮಾಲಿನ ಬಂಡುಕೋರರು ಮುತ್ತಿದಾಗ ಅಡುಗೆಮನೆಯ ಆಳೊಬ್ಬ ಒಲೆ ಕೆದಕುವ ಕೋಲು ಹಿಡಿದು ಹೊರಬಂದ. ಬೆಟ್ಟದೆತ್ತರ ಬೆಳೆದು ಅವರನ್ನು ಓಡಿಸಿದ. ಅವನು ಕಿನ್ನರರಾಜನೆಂದು ಭಿಕ್ಷುಗಳು ನಂಬಿ ಪೂಜಿಸಿದರು. 1517ರ ಶಾಸನದಲ್ಲಿ ಈ ಕಥೆಯಿದೆ. ಕಥೆಯ ಕೋಲಿಗೆ ತಕ್ಕಂತೆ, ಮಿಂಗ್ ವಂಶದ ಆ ಕಾಲದಲ್ಲಿ ಶಾವೊಲಿನ್ ಹೆಸರಾಗಿದ್ದದ್ದು ಮುಷ್ಟಿಗಿಂತ ದೊಣ್ಣೆವರಸೆಗೇ.