ಫೋನ್ ನಂಬರ್ ನುಂಗಿದ ಟಿವಿ: ನಮ್ಮ ಕಡೆಯ ಕೇಬಲ್ ಜಾಹೀರಾತಿನ ಕಥೆ

ಕೊಡಂಬಲದಂಥ ಊರಿನ ಅಂಗಡಿ ಹೆಸರು ಟಿವಿಯಲ್ಲಿ ಬರುವುದು ಒಂದು ಕಾಲಕ್ಕೆ ಆಗದ ಮಾತು. 1975ರ ಆಗಸ್ಟ್‌ನಲ್ಲಿ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ಬಂತು. ನಮ್ಮ ಪಕ್ಕದ ಕಲಬುರಗಿ ಜಿಲ್ಲೆಯ ಹಳ್ಳಿಗಳೂ ಅದರಲ್ಲಿದ್ದವು. ಅದರಲ್ಲಿ ಬರುತ್ತಿದ್ದದ್ದು ಬೇಸಾಯ, ಆರೋಗ್ಯ, ಶಾಲೆಯ ಪಾಠ. 1976ರ ಜನವರಿ 1ರಿಂದ ದೂರದರ್ಶನ ಜಾಹೀರಾತು ಶುರು ಮಾಡಿತು ನಿಜ, ಆದರೆ ಅದು ದೊಡ್ಡ ಕಂಪನಿಗಳ ಪಾಲಾಯಿತು. ನಮ್ಮ ಬಟ್ಟೆ ಅಂಗಡಿ, ಗೊಬ್ಬರದ ಅಂಗಡಿಯವರಿಗೆ ಉಳಿದದ್ದು ಟಾಕೀಸಿನ ಗಾಜಿನ ಸ್ಲೈಡು, ಗೋಡೆ ಬರಹ, ಜೀಪಿನ ಮೈಕು ಅಷ್ಟೇ.

1991ರ ಕೊಲ್ಲಿ ಯುದ್ಧದ ನಂತರ ದೇಶದ ತುಂಬ ಡಿಶ್ ಛತ್ರಿಗಳು ಎದ್ದವು. ಕೇಬಲ್‌ನವರ ಬಳಿ ಡಿಶ್ ಜೊತೆಗೆ ಒಂದು ವಿಸಿಆರ್ ಇರುತ್ತಿತ್ತು, ಸಿನಿಮಾ ಹಾಕಲಿಕ್ಕೆ. ಆ ಸಿನಿಮಾದ ನಡುವೆ ಊರಿನ ಅಂಗಡಿಗೆ ಜಾಗ ಸಿಕ್ಕಿತು. ಚಿತ್ರ ತೆಗೆಯುವವರು ಬಹಳ ಕಡೆ ಮದುವೆ ವಿಡಿಯೊ ಮಾಡುವವರೇ.

ಆ ಕೆಲಸ ಕಂಡಷ್ಟು ಸಲೀಸಲ್ಲ. ವಿಎಚ್‌ಎಸ್ ಕ್ಯಾಸೆಟ್‌ನ ಚಿತ್ರ ಮೊದಲೇ ಮಸುಕು. ಕ್ಯಾಮೆರಾದ ಕ್ಯಾಸೆಟ್‌ನಿಂದ ಎಡಿಟಿಂಗ್ ಕ್ಯಾಸೆಟ್‌ಗೆ, ಅಲ್ಲಿಂದ ಕೇಬಲ್‌ನವರ ಪ್ರತಿಗೆ ಇಳಿಸುವಷ್ಟರಲ್ಲಿ ಕೆಂಪು ಸೀರೆಯ ಬಣ್ಣ ಅಂಚು ದಾಟಿ ಹರಿಯುತ್ತಿತ್ತು. ನಮ್ಮ ದೇಶದ ಟಿವಿ ಪದ್ಧತಿ ಪಾಲ್: 625 ಗೆರೆ, ಸೆಕೆಂಡಿಗೆ 25 ಚಿತ್ರ. ಅಮೆರಿಕದ್ದು ಎನ್‌ಟಿಎಸ್‌ಸಿ, 525 ಗೆರೆ. ಆ ಪದ್ಧತಿಯ ಕ್ಯಾಸೆಟ್ಟನ್ನು ಇಲ್ಲಿನ ಹಳೆಯ ವಿಸಿಆರ್‌ಗೆ ಹಾಕಿದರೆ ಚಿತ್ರ ಉರುಳುತ್ತದೆ, ಇಲ್ಲಾಂದ್ರೆ ಕಪ್ಪು ಬಿಳುಪಾಗುತ್ತದೆ.

ದೊಡ್ಡ ಪೆಟ್ಟು ಬೀಳುತ್ತಿದ್ದದ್ದು ಫೋನ್ ನಂಬರಿಗೆ. ಹಳೆಯ ಡಬ್ಬಾ ಟಿವಿ ಚಿತ್ರದ ನಾಲ್ಕೂ ಅಂಚನ್ನು ಸ್ವಲ್ಪ ನುಂಗುತ್ತಿತ್ತು. ಎಡಿಟಿಂಗ್ ಮಾನಿಟರ್‌ನಲ್ಲಿ ಪೂರ್ತಿ ಕಂಡ ನಂಬರು ಮನೆಯ ಟಿವಿಯಲ್ಲಿ ಅರ್ಧ ಮಾಯ. ಬಲ್ಲವರು ಪ್ರತಿ ಅಂಚಿನಿಂದ ಹತ್ತನೇ ಒಂದು ಪಾಲು ಬಿಟ್ಟು ಅಕ್ಷರ ಬರೆಯುತ್ತಿದ್ದರು. ರೊಕ್ಕ ಕೊಟ್ಟ ಅಂಗಡಿಯವನಿಗೆ ಬೇಕಾದದ್ದು ಆ ನಂಬರೇ ಅಲ್ಲವೇ?

ಕಂಪ್ಯೂಟರ್ ಬಂದ ಮೇಲೆ ಬೇರೆ ತಾಪತ್ರಯ. ಹಳೆಯ ಟಿವಿ ಒಂದು ಚಿತ್ರವನ್ನು ಎರಡು ಸಲಕ್ಕೆ ಬಿಡಿಸುತ್ತದೆ: ಮೊದಲು ಬೆಸ ಗೆರೆ, ಆಮೇಲೆ ಸಮ ಗೆರೆ, ಅಥವಾ ಹಿಂದುಮುಂದು. ಫೈಲ್‌ನಲ್ಲಿ ಈ ಕ್ರಮ ತಪ್ಪಿದರೆ ನಡೆಯುವ ಮನುಷ್ಯ ನಡುಗಿದಂತೆ ಕಾಣುತ್ತಾನೆ. ವಿಸಿಡಿಯದ್ದು ಇನ್ನೊಂದು ಬಗೆ. ಅಗ್ಗ, ಕೊಂಡೊಯ್ಯುವುದು ಸುಲಭ, ಆದರೆ ಚಿತ್ರದ ಅಳತೆ ಬರೀ 352ಕ್ಕೆ 288 ಚುಕ್ಕಿ. ಮಳೆ, ಜನಜಾತ್ರೆ ತೋರಿಸಿದರೆ ಚೌಕಚೌಕ. ಡಿವಿಡಿಗೆ 720ಕ್ಕೆ 576 ಸಿಕ್ಕಿತು.

ಕಾಯ್ದೆಯೂ ಬಂತು. 1995ರ ಕೇಬಲ್ ಟಿವಿ ಕಾಯ್ದೆಯಂತೆ ಹಳ್ಳಿ ಕೇಬಲ್‌ನವನಿಗೂ ಜಾಹೀರಾತು ಸಂಹಿತೆ ಅನ್ವಯ. ಸುಪ್ರೀಂ ಕೋರ್ಟ್‌ನ 2004ರ ಏಪ್ರಿಲ್ ಆದೇಶದ ನಂತರ ರಾಜಕೀಯ ಜಾಹೀರಾತಿಗೆ ಮೊದಲೇ ಪ್ರಮಾಣಪತ್ರ ಬೇಕು. ವಿಡಿಯೊದ ಎರಡು ಪ್ರತಿ, ಜೊತೆಗೆ ಅದರಲ್ಲಿನ ಮಾತಿನ ಬರಹ ಕೊಡಬೇಕು. ಚುನಾವಣೆ ಬಂದಾಗ ನಮ್ಮಂಥ ಸ್ಟ್ರಿಂಗರ್‌ಗಳನ್ನು ಅಭ್ಯರ್ಥಿ ಕಡೆಯವರು ಹುಡುಕಿಕೊಂಡು ಬರುವುದು ಇದಕ್ಕೂ ಹೌದು. ಸುದ್ದಿ ತರುವವರೇ ಜಾಹೀರಾತೂ ತರಬೇಕೆಂಬ ಒತ್ತಾಯ ನಮಗೆ ಇಂದಿಗೂ ಇದೆ. ಅದು ಸರಿಯಲ್ಲ ಎಂದೇ ನಮ್ಮ ಅಭಿಪ್ರಾಯ.

ಗ್ರಾಮೀಣ ಭಾಗದ ಅನಲಾಗ್ ಕೇಬಲ್ ನಿಲ್ಲಿಸಲು ಕೊನೆಯ ಗಡುವು 2017ರ ಮಾರ್ಚ್ 31. ಸೆಟ್‌ಟಾಪ್ ಬಾಕ್ಸ್ ಬಂತು, ಕ್ಯಾಸೆಟ್ ಹೋಗಿ ಪೆನ್‌ಡ್ರೈವ್ ಬಂತು. ಕೇಬಲ್ ಸಂಸ್ಥೆಗಳ ಸ್ಥಳೀಯ ಚಾನೆಲ್‌ಗಳಿಗೆ ಕೇಂದ್ರ ಸರ್ಕಾರ 2022ರ ನವೆಂಬರ್‌ನಲ್ಲಿ ನಿಯಮ ತಂದಿತು: ಪ್ರಸಾರ ಮಾಡಿದ್ದನ್ನು 90 ದಿನ ಇಟ್ಟುಕೊಳ್ಳಬೇಕು. ಅದಕ್ಕೂ ಹಿಂದಿನದ್ದು? ಒಂದೇ ಕ್ಯಾಸೆಟ್ ಮೇಲೆ ಮತ್ತೆ ಮತ್ತೆ ರೆಕಾರ್ಡ್ ಮಾಡುವುದು ರೂಢಿ, ಹಾಗಾಗಿ ಬಹುಪಾಲು ಅಳಿಸಿಹೋಗಿದೆ. ಹಳೆಯ ಬಜಾರು, ಅಂದಿನ ಬೆಲೆ, ಕನ್ನಡ-ಉರ್ದು-ಮರಾಠಿ ಬೆರೆತ ನಮ್ಮ ಜನರ ಮಾತು ಆ ತುಣುಕುಗಳಲ್ಲೇ ಇದ್ದವು.

ನಿಮ್ಮ ಮನೆಯ ಅಟ್ಟದಲ್ಲಿ ಅಂಥ ಕ್ಯಾಸೆಟ್ ಇದ್ದರೆ ಮೊದಲು ಅದರ ಕಿಟಕಿ ನೋಡಿ. ಟೇಪಿನ ಮೇಲೆ ಬಿಳಿ ಬೂಷ್ಟು ಕಂಡರೆ ವಿಸಿಆರ್‌ಗೆ ಹಾಕಬೇಡಿ, ಟೇಪೂ ಹಾಳು, ಹೆಡ್ಡೂ ಹಾಳು. ಚೊಕ್ಕಟ ಇದ್ದರೆ ಕಂಪ್ಯೂಟರ್‌ಗೆ ಇಳಿಸಿಕೊಡುವ ಸ್ಟುಡಿಯೊಗಳು ಇನ್ನೂ ಇವೆ.