ರೈಲ್ವೆ ಗೇಜು: ಹಳಿಗಳ ನಡುವಿನ ಅಂತರದ ಇತಿಹಾಸ

ರೈಲು ಹಾದಿಯ ಎರಡು ಹಳಿಗಳ ನಡುವಿನ ಅಂತರಕ್ಕೆ ಗೇಜು ಎಂದು ಹೆಸರು. ಒಂದು ಹಳಿಯ ತಲೆಯ ಒಳ ಅಂಚಿನಿಂದ ಎದುರು ಹಳಿಯ ಒಳ ಅಂಚಿನವರೆಗೆ ಇದನ್ನು ಅಳೆಯುತ್ತಾರೆ. ಜಗತ್ತಿನ ರೈಲು ಹಾದಿಯಲ್ಲಿ ಅರ್ಧಕ್ಕೂ ಹೆಚ್ಚಿನದು 1,435 ಮಿ.ಮೀ. ಅಗಲದ್ದು, ಇದಕ್ಕೆ ಸ್ಟ್ಯಾಂಡರ್ಡ್ ಗೇಜ್ ಎನ್ನುತ್ತಾರೆ. ಭಾರತದ ಬ್ರಾಡ್‌ಗೇಜ್ 1,676 ಮಿ.ಮೀ., ರಷ್ಯಾದ್ದು 1,520, ಜಪಾನಿನ ಹಳೆಯ ಮಾರ್ಗಗಳದ್ದು 1,067. ಹೆಚ್ಚಿನವು ಯಾರೋ ಮೊದಲು ಹಾಕಿದ ಅಳತೆಯನ್ನು ಹಿಂದೆ ಬಂದವರು ಹಾಗೆಯೇ ಮುಂದುವರಿಸಿದ್ದರಿಂದ ಉಳಿದುಬಂದವು. ಹಳಿಯ ಜೊತೆಗೆ ಎಂಜಿನ್ನು, ಡಬ್ಬಿ, ಪ್ಲಾಟ್‌ಫಾರ್ಮು, ಸುರಂಗ ಎಲ್ಲವೂ ಆ ಅಳತೆಗೇ ಕಟ್ಟುಬೀಳುವುದರಿಂದ, ಒಮ್ಮೆ ಹಾಕಿದ ಅಗಲವನ್ನು ಬದಲಿಸುವುದು ಬಹಳ ಕಷ್ಟ.

ಸ್ಟ್ಯಾಂಡರ್ಡ್ ಗೇಜಿನ ಮೂಲ ಇಂಗ್ಲೆಂಡಿನ ಈಶಾನ್ಯ ಭಾಗದ ಕಲ್ಲಿದ್ದಲು ಗಣಿಗಳಲ್ಲಿದೆ. ಅಲ್ಲಿ ಕುದುರೆಗಳು ಎಳೆಯುತ್ತಿದ್ದ ಬಂಡಿಗಳ ಹಾದಿ ಹಲವು ಕಡೆ ಸುಮಾರು 4 ಅಡಿ 8 ಅಂಗುಲ ಅಗಲವಿತ್ತು. ಕಿಲ್ಲಿಂಗ್‌ವರ್ತ್ ಗಣಿಯಲ್ಲಿ ಎಂಜಿನ್ ಕಟ್ಟುತ್ತಿದ್ದ ಜಾರ್ಜ್ ಸ್ಟೀಫನ್‌ಸನ್ ಅದೇ ಅಳತೆಯನ್ನು 1825ರ ಸ್ಟಾಕ್‌ಟನ್–ಡಾರ್ಲಿಂಗ್ಟನ್ ಮಾರ್ಗಕ್ಕೆ ತಂದರು. ತಿರುವುಗಳಲ್ಲಿ ಗಾಲಿ ಬಿಗಿಯಾಗದಂತೆ ಮುಂದೆ ಅರ್ಧ ಅಂಗುಲ ಸೇರಿತು. 4 ಅಡಿ 8½ ಅಂಗುಲವೆಂಬ ವಿಚಿತ್ರ ಸಂಖ್ಯೆ ಹುಟ್ಟಿದ್ದು ಹೀಗೆ. ಇದು ರೋಮನ್ನರ ರಥದ ಗಾಲಿಗಳ ಅಳತೆ ಎಂಬ ಕಥೆ ಬಹಳ ಜನಪ್ರಿಯ. ಆದರೆ ರೋಮ್‌ನಿಂದ ಗಣಿಯವರೆಗೆ ಎಳೆ ಜೋಡಿಸುವ ದಾಖಲೆ ಯಾವುದೂ ಇಲ್ಲ. ಒಂದು ಕುದುರೆ ಎಳೆಯಬಲ್ಲ ಬಂಡಿಗೆ ಎಲ್ಲ ಕಾಲದಲ್ಲೂ ಸುಮಾರು ಅಷ್ಟೇ ಅಗಲ ಸಾಕಾಗುತ್ತಿತ್ತು ಎಂಬ ವಿವರಣೆಯೇ ಹೆಚ್ಚು ನಂಬುವಂಥದ್ದು.

ಈ ರೂಢಿಯನ್ನು ಪ್ರಶ್ನಿಸಿದವರು ಎಂಜಿನಿಯರ್ ಇಸಂಬಾರ್ಡ್ ಕಿಂಗ್‌ಡಮ್ ಬ್ರುನೆಲ್. ಗಣಿಬಂಡಿಯ ಅಳತೆಯಲ್ಲಿ ವೇಗದ ರೈಲು ಏಕೆ ಓಡಬೇಕು ಎಂದು ಕೇಳಿ, ಲಂಡನ್ನಿನಿಂದ ಪಶ್ಚಿಮಕ್ಕೆ ಹೋಗುವ ಗ್ರೇಟ್ ವೆಸ್ಟರ್ನ್ ರೈಲ್ವೆಗೆ ಅವರು 7 ಅಡಿಗಿಂತ ಕೂದಲೆಳೆಯಷ್ಟು ಹೆಚ್ಚಿನ ಅಗಲ ಕೊಟ್ಟರು. 1838ರಲ್ಲಿ ಆರಂಭವಾದ ಆ ಮಾರ್ಗದ ರೈಲುಗಳು ಹೆಚ್ಚು ಸ್ಥಿರವಾಗಿಯೂ ವೇಗವಾಗಿಯೂ ಓಡಿದವು. ತೊಂದರೆ ಕಾಣಿಸಿಕೊಂಡಿದ್ದು ಎರಡು ಗೇಜುಗಳು ಸಂಧಿಸಿದ ಗ್ಲಾಸ್ಟರ್ ಊರಿನಲ್ಲಿ. ಬ್ರಿಸ್ಟಲ್‌ನಿಂದ ಬಂದ ಪ್ರತಿ ಮೂಟೆ, ಪ್ರತಿ ಪೆಟ್ಟಿಗೆ ಅಲ್ಲಿ ಕೆಳಗಿಳಿದು, ಪಕ್ಕದ ಸಣ್ಣ ಹಳಿಯ ವ್ಯಾಗನ್ನಿಗೆ ಹೊರೆಯಾಳುಗಳ ಹೆಗಲ ಮೇಲೆ ಏರಬೇಕಿತ್ತು. ಒಡೆದದ್ದು, ಕಳೆದದ್ದು, ಬೇರೆ ಊರಿಗೆ ಹೋದದ್ದು ದಿನನಿತ್ಯದ ದೂರಾಯಿತು. ತನಿಖೆಗೆ ಬಂದವರಿಗೆ ಈ ಗೊಂದಲ ಚೆನ್ನಾಗಿ ಕಾಣಲೆಂದು, ಸಣ್ಣ ಹಳಿಯ ಕಡೆಯವರು ಆಗಲೇ ತುಂಬಿದ್ದ ಸರಕನ್ನೂ ಮತ್ತೆ ಇಳಿಸಿ ಹರಡಿದ್ದರೆಂದು ರೈಲ್ವೆ ಇತಿಹಾಸಕಾರರು ಬರೆದಿದ್ದಾರೆ.

ಈ ಗೇಜು ಜಗಳವನ್ನು ಬಗೆಹರಿಸಲು 1845ರಲ್ಲಿ ನೇಮಕವಾದ ಆಯೋಗ ವೇಗದ ಪರೀಕ್ಷೆಗಳನ್ನೂ ನಡೆಸಿತು. ಅದರಲ್ಲಿ ಬ್ರುನೆಲ್ ಕಡೆಯ ಎಂಜಿನ್ನೇ ಗೆದ್ದಿತು. ಆದರೂ ತೀರ್ಪು ಸಣ್ಣ ಹಳಿಯ ಪರವಾಯಿತು. ಆ ವೇಳೆಗೆ ಸುಮಾರು 1,900 ಮೈಲಿ ಸಣ್ಣ ಹಳಿ ಹರಡಿತ್ತು. ದೊಡ್ಡ ಹಳಿ 270 ಮೈಲಿ ಮಾತ್ರ. ಗುಣಕ್ಕಿಂತ ಹರಹು ಮೇಲುಗೈ ಪಡೆಯಿತು. ಬ್ರುನೆಲ್ ಹಳಿಯ ಕೊನೆಯ ಭಾಗವನ್ನು 1892ರ ಮೇ ತಿಂಗಳ ಒಂದು ವಾರಾಂತ್ಯದಲ್ಲಿ ಕಿರಿದುಗೊಳಿಸಲಾಯಿತು: 4,000ಕ್ಕೂ ಹೆಚ್ಚು ಆಳುಗಳು ಶನಿವಾರ ಕೆಲಸ ಹಿಡಿದರು, 170 ಮೈಲಿಗೂ ಹೆಚ್ಚು ಹಾದಿ ಸೋಮವಾರ ಬೆಳಗಿನ ರೈಲಿಗೆ ಸಿದ್ಧವಾಗಿತ್ತು.

ಇದಕ್ಕಿಂತ ದೊಡ್ಡ ಸಾಹಸ ಅಮೆರಿಕದ ದಕ್ಷಿಣ ರಾಜ್ಯಗಳದ್ದು. ಅಲ್ಲಿನ ಹಳಿ 5 ಅಡಿ ಅಗಲವಿತ್ತು. 1886ರ ಮೇ 31 ಮತ್ತು ಜೂನ್ 1ರಂದು, ಎರಡೇ ದಿನಗಳಲ್ಲಿ, 11,000 ಮೈಲಿಗೂ ಹೆಚ್ಚು ಹಾದಿಯ ಒಂದು ಬದಿಯ ಹಳಿಯನ್ನು ಮೂರು ಅಂಗುಲ ಒಳಕ್ಕೆ ಸರಿಸಿದರು. ಇದರ ಗುಟ್ಟು ಪೂರ್ವಸಿದ್ಧತೆಯಲ್ಲಿತ್ತು. ಹೊಸ ಜಾಗದ ಮೊಳೆಗಳನ್ನು ವಾರಗಳ ಮೊದಲೇ ಸ್ಲೀಪರ್‌ಗಳಿಗೆ ಹೊಡೆದಿಟ್ಟಿದ್ದರು. ಹಳೆಯ ಮೊಳೆಗಳಲ್ಲೂ ಅನೇಕವನ್ನು ಮುಂಚೆಯೇ ಕಿತ್ತಿದ್ದರು. ಆ ದಿನ ಉಳಿದದ್ದು ಹಳಿಯನ್ನು ಹಾರೆಯಿಂದ ಮೀಟಿ ತಳ್ಳಿ ಬಿಗಿಯುವ ಕೆಲಸ.

ಆಸ್ಟ್ರೇಲಿಯಾ ಇಂಥ ತಿದ್ದುಪಡಿಗೆ ನೂರು ವರ್ಷಕ್ಕೂ ಹೆಚ್ಚು ತೆಗೆದುಕೊಂಡಿತು. ವಿಕ್ಟೋರಿಯಾದಲ್ಲಿ 1,600, ನ್ಯೂ ಸೌತ್ ವೇಲ್ಸ್‌ನಲ್ಲಿ 1,435, ಕ್ವೀನ್ಸ್‌ಲ್ಯಾಂಡ್‌ನಲ್ಲಿ 1,067 ಮಿ.ಮೀ. ಹಳಿ ಹಾಕಿದ್ದರು. ಸಿಡ್ನಿಯಿಂದ ಮೆಲ್ಬರ್ನ್‌ಗೆ ಹೊರಟವರು ಗಡಿಯ ಆಲ್ಬರಿ ನಿಲ್ದಾಣದಲ್ಲಿ ಗಂಟುಮೂಟೆ ಹೊತ್ತು ಪ್ಲಾಟ್‌ಫಾರ್ಮಿನ ಈಚೆಯ ರೈಲಿನಿಂದ ಆಚೆಯ ರೈಲಿಗೆ ಬದಲಾಗಬೇಕಿತ್ತು. 1895ರಲ್ಲಿ ಹಾಗೆ ಇಳಿದು ಹತ್ತಿದ ಮಾರ್ಕ್ ಟ್ವೈನ್ ತಮ್ಮ ಪ್ರವಾಸ ಕಥನದಲ್ಲಿ ಅದರ ಬಗ್ಗೆ ಬರೆದಿದ್ದಾರೆ. ಆ ಎರಡು ನಗರಗಳ ನಡುವೆ ಒಂದೇ ಗೇಜಿನ ರೈಲು ಓಡಿದ್ದು 1962ರಲ್ಲಿ.

ಸರಕಿನ ಬದಲು ಗಾಲಿಗಳನ್ನೇ ಬದಲಿಸುವ ಉಪಾಯವೂ ಇದೆ. ನಾವು ಬೋಗಿ ಎಂದು ಡಬ್ಬಿಯನ್ನೇ ಕರೆಯುತ್ತೇವೆ. ರೈಲ್ವೆ ಎಂಜಿನಿಯರರ ಭಾಷೆಯಲ್ಲಿ ಬೋಗಿ ಎಂದರೆ ಡಬ್ಬಿಯ ಕೆಳಗೆ ಗಾಲಿಗಳನ್ನು ಹಿಡಿದ ಚೌಕಟ್ಟು. ಬೆಲಾರುಸ್ ಗಡಿಯ ಬ್ರೆಸ್ಟ್‌ನಲ್ಲಿ ಪ್ರಯಾಣಿಕರು ಒಳಗೆ ಕುಳಿತಿರುವಂತೆಯೇ ಡಬ್ಬಿಗಳನ್ನು ಜಾಕಿಗಳಿಂದ ಮೇಲಕ್ಕೆತ್ತಿ, 1,520ರ ಬೋಗಿ ಸರಿಸಿ, 1,435ರ ಬೋಗಿಯನ್ನು ಕೂರಿಸುವ ಕ್ರಮ ದಶಕಗಳ ಕಾಲ ನಡೆಯಿತು. ಸ್ಪೇನಿನ ಟಾಲ್ಗೋ ರೈಲುಗಳು ಇನ್ನೂ ಮುಂದೆ ಹೋದವು. ಗಡಿಯ ವಿಶೇಷ ಹಳಿಯ ಮೇಲೆ ನಿಧಾನವಾಗಿ ಸಾಗುವಾಗ ಅವುಗಳ ಗಾಲಿಗಳೇ ಒಳಕ್ಕೆ ಅಥವಾ ಹೊರಕ್ಕೆ ಸರಿಯುತ್ತವೆ. ಈ ಬಗೆಯ ಸೇವೆ 1969ರಲ್ಲಿ ಬಾರ್ಸೆಲೋನಾ ಮತ್ತು ಜಿನೀವಾ ನಡುವೆ ಆರಂಭವಾಯಿತು.

ಭಾರತದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು ಇಂಗ್ಲೆಂಡಿನ ಅಳತೆಯನ್ನೇ ಬಯಸಿದ್ದರು. ಗವರ್ನರ್ ಜನರಲ್ ಡಾಲ್‌ಹೌಸಿ 6 ಅಡಿ ಬೇಕೆಂದರು. ಚೌಕಾಸಿಯಲ್ಲಿ 5 ಅಡಿ 6 ಅಂಗುಲ ನಿಂತಿತು. 1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಠಾಣೆಗೆ ಹೊರಟ ರೈಲು ಓಡಿದ್ದು ಈ ಹಳಿಯ ಮೇಲೆ. ಪಾಕಿಸ್ತಾನ, ಶ್ರೀಲಂಕಾ, ಅರ್ಜೆಂಟೀನಾಗಳಲ್ಲೂ ಈ ಗೇಜು ಇದೆ. ಸ್ಯಾನ್ ಫ್ರಾನ್ಸಿಸ್ಕೋ ಪ್ರದೇಶದಲ್ಲಿ 1972ರಲ್ಲಿ ಆರಂಭವಾದ ಬಾರ್ಟ್ ನಗರ ರೈಲು ಕೂಡ ನಮ್ಮ ಬ್ರಾಡ್‌ಗೇಜಿನ ಅಗಲದ್ದೇ ಎಂಬುದು ಅನೇಕರಿಗೆ ಗೊತ್ತಿಲ್ಲ.

ದೊಡ್ಡ ಹಳಿ ದುಬಾರಿಯೆನಿಸಿದಾಗ ಲಾರ್ಡ್ ಮೇಯೊ ಆಡಳಿತ 1870ರಲ್ಲಿ ಅಗ್ಗದ ಸಣ್ಣ ಹಳಿಯನ್ನು ಒಪ್ಪಿತು. ದೇಶಕ್ಕೆ ಮೆಟ್ರಿಕ್ ಪದ್ಧತಿ ತರುವ ಆಲೋಚನೆಯೂ ಆಗಲೇ ಇದ್ದುದರಿಂದ ಒಂದು ಮೀಟರನ್ನೇ ಆರಿಸಿಕೊಂಡರು. ಸೇರು, ಮಣ, ಅಡಿಗಳಲ್ಲಿ ಅಳೆಯುತ್ತಿದ್ದ ದೇಶದಲ್ಲಿ ಹಳಿ ಮಾತ್ರ ಮೀಟರಿಗೆ ಬಂತು. ಮಿಕ್ಕ ವ್ಯವಹಾರ ಮೆಟ್ರಿಕ್ ಆಗಲು 1950ರ ದಶಕದ ಕೊನೆಯವರೆಗೆ ಕಾಯಬೇಕಾಯಿತು.

ಕರ್ನಾಟಕ ಈ ಎರಡು ಅಳತೆಗಳ ನಡುವೆ ಬಹುಕಾಲ ಸಿಕ್ಕಿಕೊಂಡಿತ್ತು. ಮದ್ರಾಸಿನ ಕಡೆಯಿಂದ ಜೋಲಾರಪೇಟೆಯ ಮೂಲಕ 1864ರಲ್ಲಿ ಬೆಂಗಳೂರು ದಂಡು ಪ್ರದೇಶಕ್ಕೆ ಬಂದದ್ದು ಬ್ರಾಡ್‌ಗೇಜ್. ಮೈಸೂರು ಸಂಸ್ಥಾನ 1880ರ ದಶಕದ ಆರಂಭದಲ್ಲಿ ಮೈಸೂರಿಗೆ ಹಾಕಿಸಿದ್ದು ಮೀಟರ್‌ಗೇಜ್. ಕೋಲಾರದ ಕಡೆ ಎರಡೂವರೆ ಅಡಿಯ ನ್ಯಾರೋಗೇಜೂ ಇತ್ತು. ಇದನ್ನೆಲ್ಲ ಒಂದು ಮಾಡುವ ಯೂನಿಗೇಜ್ ಯೋಜನೆ 1992ರಲ್ಲಿ ಆರಂಭವಾದಾಗ ರೈಲ್ವೆ ಸಚಿವರಾಗಿದ್ದವರು ಕನ್ನಡನಾಡಿನ ಸಿ.ಕೆ. ಜಾಫರ್ ಷರೀಫ್. ಬೆಂಗಳೂರು–ಮೈಸೂರು ಹಾದಿ ಅಗಲವಾದದ್ದು ಆ ದಶಕದಲ್ಲಿ. ನೀಲಗಿರಿಯ ಬೆಟ್ಟದ ರೈಲು ಈಗಲೂ ಮೀಟರ್‌ಗೇಜಿನದೇ. ಚೆನ್ನೈ ಕಡೆಯಿಂದ ರೈಲಿನಲ್ಲಿ ಊಟಿಗೆ ಹೋಗುವವರು ಮೆಟ್ಟುಪಾಳ್ಯದಲ್ಲಿ ಇಳಿದು ಹತ್ತಲೇಬೇಕು.

ಹೀಗೆ ಒಂದಾದ ಮೇಲೆ 2011ರಲ್ಲಿ ಬೆಂಗಳೂರಿಗೆ ಮತ್ತೊಂದು ಅಗಲ ಬಂತು. ನಮ್ಮ ಮೆಟ್ರೊ ಓಡುವುದು 1,435ರ ಹಳಿಯ ಮೇಲೆ. ಮೆಜೆಸ್ಟಿಕ್ಕಿನಲ್ಲಿ ಮೆಟ್ರೊ ಇಳಿದು ಸಂಗೊಳ್ಳಿ ರಾಯಣ್ಣ ನಿಲ್ದಾಣಕ್ಕೆ ನಡೆದವರು ಗಣಿಬಂಡಿಯ ಅಳತೆಯಿಂದ ಡಾಲ್‌ಹೌಸಿಯ ಕಾಲದ ಅಳತೆಗೆ ದಾಟಿರುತ್ತಾರೆ. ಎರಡಕ್ಕೂ ಇರುವ ವ್ಯತ್ಯಾಸ 241 ಮಿ.ಮೀ., ಗೇಣಿಗಿಂತ ತುಸು ಹೆಚ್ಚು.